ಹುಲಿಯಪ್ಪನ ಸಿಗ್ನಲ್

ಹುಲಿಯಪ್ಪ ಯಾವ ಮಾತಿಗೂ ಇಲ್ಲ ಅಂದವನಲ್ಲ. ಯಾರು ಏನು ಹೇಳಲಿ, ಒಂದು ‘ಹೂಂ’, ಜೊತೆಗೊಂದು ನಗು. ಬಲು ಸಮಾಧಾನದ ಮನುಷ್ಯ ಎಂದು ಶಿವಮೊಗ್ಗದ ರಾಗಿಗುಡ್ಡದ ಅವನ ಬೀದಿಯವರೆಲ್ಲ ಹೊಗಳುತ್ತಿದ್ದರು. ಹೊಗಳುವವರಿಗೇನು, ಸೀದದ್ದು ಅವರ ಮನೆಯ ಕುಕ್ಕರ್ ಅಲ್ಲವಲ್ಲ.

ಸೀದದ್ದು ಸೊಸೆ ರಂಜಿನಿಯ ಕುಕ್ಕರ್. ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ, “ಮಾವ, ಮೂರು ವಿಷಲ್ ಆದ್ಮೇಲೆ ಗ್ಯಾಸ್ ಆಫ್ ಮಾಡಿ” ಎಂದಿದ್ದಳು. ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ ಮಾವ ‘ಹೂಂ’ ಎಂದಿದ್ದ. ಅವಳು ತಲೆಗೆ ಟವೆಲ್ ಸುತ್ತಿಕೊಂಡು ಓಡಿ ಬರುವಷ್ಟರಲ್ಲಿ ಹತ್ತು ವಿಷಲ್ ಆಗಿ, ಬೇಳೆ ಕರಕಲಾಗಿ, ಮನೆಯೆಲ್ಲ ವಾಸನೆ. ಮಾವ ಪೇಪರಿನ ಮೂರನೇ ಪುಟದಲ್ಲಿದ್ದ.

“ಹೂಂ ಅಂದ್ರಲ್ಲ ಮಾವ!”

ಅವಳ ಮುಖ ನೋಡಿದ ಮೇಲೆ ಅವನಿಗೆ ವಿಷಯ ಗೊತ್ತಾಯಿತು. “ಮರ್ತೋಯ್ತು ಕಣಮ್ಮ” ಎಂದ.

“ಮರೆಯೋಕೆ ಅದೇನು ಸುಮ್ನಿತ್ತಾ? ಪಕ್ಕದಲ್ಲೇ ಕೂಗ್ತಿತ್ತು!”

ಅಂಚೆ ಕಚೇರಿಗೆ ಹೊರಟಿದ್ದ ಮಗ ಯೋಗರಾಜ್ ಶೂ ಕಟ್ಟಿಕೊಳ್ಳುತ್ತಾ, “ಬಿಡೇ, ವಯಸ್ಸಾಯ್ತು ಅವರಿಗೆ” ಎಂದ.

“ವಯಸ್ಸಲ್ಲ ರೀ. ನನ್ನ ಮಾತು ಅಂದ್ರೆ ಅಷ್ಟು ಸಸಾರ. ಅತ್ತೆ ಬರೀ ಕೈ ತೋರ್ಸಿದ್ರೆ ಎದ್ದು ಹೋಗ್ತಾರೆ. ನಾನು ಗಂಟಲು ಹರ್ಕೊಂಡ್ರೂ ಕೂತೇ ಇರ್ತಾರೆ.”

ತನಗೆ ಗೊತ್ತಿಲ್ಲದೆಯೇ ಅವಳು ನಿಜ ಹೇಳಿಬಿಟ್ಟಿದ್ದಳು. ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಮಾಸ್ತಮ್ಮ ತಲೆ ಎತ್ತಲಿಲ್ಲ.

ಹುಲಿಯಪ್ಪನ ಕಿವಿ ಹೋಗಿ ಆಗಲೇ ಐದಾರು ವರ್ಷವಾಗಿತ್ತು. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ನಾಲ್ಕು ವರ್ಷ ಅವನು ಕ್ರೇನಿಗೆ ಸಿಗ್ನಲ್ ಕೊಡುವ ಕೆಲಸ ಮಾಡಿದವನು. ಮೇಲಿನ ಕ್ಯಾಬಿನ್ನಿನಲ್ಲಿ ಡ್ರೈವರ್ ವೀರಪ್ಪ, ಕೆಳಗೆ ಹುಲಿಯಪ್ಪ, ನಡುವೆ ತೂಗಾಡುವ ಟನ್‌ಗಟ್ಟಲೆ ಕಬ್ಬಿಣ. ಆ ಗದ್ದಲದಲ್ಲಿ ಬಾಯಿಗೆ ಕೆಲಸವಿಲ್ಲ, ಎಲ್ಲ ಕೈಯಲ್ಲೇ. ಗದ್ದಲ ದಿನಕ್ಕಿಷ್ಟು ಎಂದು ಕಿವಿಯನ್ನು ತಿನ್ನುತ್ತಾ ಬಂತು. ರಿಟೈರಾಗಿ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದ ಮಗನ ಮನೆಗೆ ಬರುವ ಹೊತ್ತಿಗೆ ಉಳಿದದ್ದು, ಎದುರಿಗೆ ನಿಂತು ಮಾತಾಡಿದವರ ತುಟಿ ನೋಡಿ ಅರ್ಧ ಊಹಿಸುವಷ್ಟು ಮಾತ್ರ. ಉಳಿದರ್ಧಕ್ಕೆ ‘ಹೂಂ’ ಇತ್ತು.

ಮನೆಯಲ್ಲಿ ಇದು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಳು ಹೆಂಡತಿ. ಇನ್ನೊಬ್ಬಳು ಆರನೇ ಕ್ಲಾಸಿನ ಮೊಮ್ಮಗಳು ಕವನ.

ಕವನಳನ್ನು ಬೆಳಿಗ್ಗೆ ಸ್ಕೂಲಿಗೆ, ಸಂಜೆ ಟ್ಯೂಷನ್ನಿಗೆ ಟಿವಿಎಸ್ ಗಾಡಿಯಲ್ಲಿ ಬಿಟ್ಟು ಕರೆತರುವುದು ತಾತನ ಕೆಲಸ. ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ಅವಳು ತಾತನ ಬಲಭುಜ ತಟ್ಟುತ್ತಿದ್ದಳು. ತಾತ ಎಡಕ್ಕೆ ಸರಿಯುತ್ತಿದ್ದ. ಅವಳನ್ನು ಬಿಟ್ಟು ಒಬ್ಬನೇ ವಾಪಸ್ ಬರುವಾಗ ಯಾರು ತಟ್ಟುತ್ತಾರೆ ಎಂದು ಮಾಸ್ತಮ್ಮ ದಿನಾ ಗೇಟಿನಲ್ಲಿ ನಿಂತು ಕಾಯುತ್ತಿದ್ದಳು. ಗಾಡಿ ತಿರುವಿನಲ್ಲಿ ಕಾಣುವವರೆಗೂ ಅವಳ ಎದೆಗೆ ನೆಮ್ಮದಿಯಿಲ್ಲ.

“ಹೇಳ್ಬಿಡಿ ಮಕ್ಳಿಗೆ” ಎಂದು ಅವಳು ಎಷ್ಟೋ ಸಲ ಕೈ ಬಾಯಿ ತಿರುಗಿಸಿ ಹೇಳಿದ್ದಳು.

“ಹೇಳಿದ್ರೆ ಗಾಡಿ ಕೀ ಕಿತ್ಕೊತಾರೆ ಮಾರಾಯ್ತಿ. ಆಮೇಲೆ ನಾನೇನು ಈ ಮನೇಲಿ ಕ್ಯಾಲೆಂಡರ್ ಥರ ನೇತಾಡ್ಲಾ?”

ಕೀ ಕೈಯಲ್ಲಿರುವವರೆಗೆ ಅವನು ಇನ್ನೂ ಡ್ಯೂಟಿಯಲ್ಲಿದ್ದ. ಅದು ಹೋದ ದಿನವೇ ಅವನ ನಿಜವಾದ ರಿಟೈರ್‌ಮೆಂಟ್.

ಸಂಜೆ ಟೆರೇಸಿನ ಮೇಲೆ ತಾತ ಮೊಮ್ಮಗಳಿಗೆ ಕ್ರೇನ್ ಆಟ. ಅವಳು ಕ್ರೇನು, ಬಕೆಟ್ಟು ಲೋಡು. ಬೆರಳು ಮೇಲೆ ಮಾಡಿ ಸುತ್ತಿಸಿದರೆ ಎತ್ತು. ಕೆಳಗೆ ಮಾಡಿ ಸುತ್ತಿಸಿದರೆ ಇಳಿಸು. ಸನ್ನೆ ಮಾಡುವ ಕೈಯ ಮುಂದೆ ಇನ್ನೊಂದು ಕೈ ಅಡ್ಡ ಹಿಡಿದರೆ ಮೆಲ್ಲಗೆ. ತೋಳು ನೇರ ಚಾಚಿ, ಅಂಗೈ ನೆಲಕ್ಕೆ ಮಾಡಿ ಅತ್ತಿತ್ತ ಬೀಸಿದರೆ ಸ್ಟಾಪ್.

“ಒಂದು ಕ್ರೇನಿಗೆ ಒಬ್ಬನೇ ಸಿಗ್ನಲ್” ಎನ್ನುತ್ತಿದ್ದ ತಾತ. “ನಾಲ್ಕು ಜನ ಕೈ ಬೀಸಿದ್ರೆ ಡ್ರೈವರ್ ಯಾರ್ದು ನೋಡ್ತಾನೆ? ಆದ್ರೆ ಸ್ಟಾಪ್ ಮಾತ್ರ ಯಾರು ಬೇಕಾದ್ರೂ ಕೊಡಬಹುದು. ಕಸ ಗುಡಿಸೋನು ಕೊಟ್ರೂ ನಿಲ್ಲಿಸ್ಬೇಕು.”

“ಮ್ಯಾನೇಜರ್ ನಡೀಲಿ ಅಂದ್ರೆ?”

“ಅವರಪ್ಪ ಅಂದ್ರೂ ನಿಲ್ಲಿಸ್ಬೇಕು. ಆಮೇಲೆ ಜಗಳ.”

ದಸರಾ ರಜೆಗೆ ಮುಂಚೆ ಯೋಗರಾಜ್ ಒಂದು ಸುದ್ದಿ ತಂದ. ಎಲ್‌ಟಿಸಿ, ಅಂದರೆ ಸರ್ಕಾರಿ ಪ್ರವಾಸದ ದುಡ್ಡು ಮಂಜೂರಾಗಿದೆ, ಇಡೀ ಮನೆ ಅಂಡಮಾನಿಗೆ ಹೊರಡಬೇಕು, ಅಪ್ಪ ಅಮ್ಮನೂ ಸೇರಿ.

“ನೀರು ನೋಡೋಕೆ ಅಷ್ಟು ದೂರನಾ?” ಮಾಸ್ತಮ್ಮ ಕೇಳಿದಳು. “ತ್ಯಾವರೆಕೊಪ್ಪಕ್ಕೆ ಹೋಗಿ ಹುಲಿ ನೋಡ್ಕೊಂಡಿದ್ರೆ ಸಂಜೆಗೆ ಮನೆ ಸೇರ್ತಿದ್ವಿ.”

“ಅಮ್ಮಾ, ಸರ್ಕಾರ ಕರ್ಕೊಂಡು ಹೋಗುತ್ತೆ ಅಂದ್ರೂ ನಿಂದೊಂದು ಕೊಂಕು.”

ಬೈದುಕೊಂಡೇ ಅವಳು ಚಕ್ಕುಲಿ, ಚಟ್ನಿಪುಡಿ, ಎರಡು ಕೆಜಿ ಅವಲಕ್ಕಿ ಕಟ್ಟಿದಳು. ರಂಜಿನಿ ತಾನು ಗುಮಾಸ್ತೆಯಾಗಿದ್ದ ಕಾಲೇಜಿನಲ್ಲಿ ರಜೆ ಗಿಟ್ಟಿಸುವುದಕ್ಕೆ ಪ್ರಿನ್ಸಿಪಾಲರ ಮುಂದೆ ಮೂರು ದಿನ ನಿಂತಳು. ವಿಮಾನ ಇಳಿಯುವಾಗ ಎಲ್ಲರ ಕಿವಿಯೂ ಕಟ್ಟಿಕೊಂಡಿತು. “ಏನು? ಏನಂದ್ರಿ?” ಎಂದು ಮಗ ಸೊಸೆ ಒಬ್ಬರನ್ನೊಬ್ಬರು ಕೇಳುವುದನ್ನು ನೋಡಿ ಹುಲಿಯಪ್ಪನಿಗೆ ಒಳಗೊಳಗೇ ಖುಷಿ. ಹದಿನೈದು ನಿಮಿಷ ಅವನೂ ಎಲ್ಲರಂತಾಗಿದ್ದ.

ಮೂರನೇ ದಿನ ನೀಲ್ ದ್ವೀಪ. ಬೆಳಿಗ್ಗೆಯಿಂದ ಆಟೋದಲ್ಲಿ ಸುತ್ತಾಟ. ಒಂದು ಬೀಚಿನಲ್ಲಿ ಕವನ ಗಾಜಿನ ತಳದ ದೋಣಿ ಹತ್ತಿದಳು. ಇನ್ನೊಂದರಲ್ಲಿ ಮಾಸ್ತಮ್ಮ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದು, “ಅಯ್ಯೋ ಬಿಸಿನೀರಿದ್ದಂಗೆ ಇದೆ ಕಣೇ” ಎಂದು ಸೊಸೆಯನ್ನು ಕರೆದಳು. ಹೋಟೆಲಿನ ಮೀನು ಊಟಕ್ಕೆ ಚಟ್ನಿಪುಡಿ ಉದುರಿಸಿಕೊಂಡು ಎಲ್ಲರೂ ಉಂಡರು. ಆ ದಿನ ಬೆಳಗಿನಿಂದ ಮನೆಯವರಲ್ಲಿ ಒಂದೂ ಜಗಳವಾಗಿರಲಿಲ್ಲ. ಅದೇ ರಂಜಿನಿಗೆ ಒಂದು ಥರ ಭಯ.

ಊಟವಾದ ಮೇಲೆ ಕಲ್ಲುಸೇತುವೆ ನೋಡಲು ಹೋದರು. ಸಮುದ್ರ ತಾನೇ ಕೊರೆದು ಮಾಡಿದ ಕಮಾನು ಅದು. ನೀರು ಇಳಿದಾಗ ಮಾತ್ರ ಬಂಡೆಗಳ ಮೇಲೆ ನಡೆದು ಹತ್ತಿರ ಹೋಗಬಹುದು. ಕರಿ ಹವಳದ ಬಂಡೆಗಳನ್ನು ನೋಡಿ ಹುಲಿಯಪ್ಪ, “ಥೇಟ್ ನಮ್ಮ ಫರ್ನೇಸಿನ ಕಬ್ಬಿಣದ ಕಿಟ್ಟ” ಎಂದ. ಬಂಡೆಗಳ ನಡುವಿನ ಗುಂಡಿಗಳಲ್ಲಿ ನಕ್ಷತ್ರಮೀನು, ಕಡುನೀಲಿ ಮೀನಿನ ಮರಿಗಳು. ಕವನಳ ಬಾಯಿ ಮುಚ್ಚಲಿಲ್ಲ.

ನಡುವಯಸ್ಸಿನ ಬಂಗಾಳಿ ಗೈಡ್ ಹಿಂದಿಯಲ್ಲಿ ಎಚ್ಚರಿಕೆ ಹೇಳಿದ. ಎರಡೂಕಾಲು ಗಂಟೆಗೆ ನೀರು ಏರಲು ಶುರು, ಆಮೇಲೆ ಒಂದು ನಿಮಿಷವೂ ನಿಲ್ಲುವಂತಿಲ್ಲ, ತಾನು ವಿಷಲ್ ಊದಿದ ಕೂಡಲೇ ಎಲ್ಲರೂ ಮೇಲೆ ಹತ್ತಬೇಕು.

ಮಾಸ್ತಮ್ಮನಿಗೆ ಮಂಡಿ ನೋವು. ರಂಜಿನಿ ಅವಳ ಕೈ ಹಿಡಿದು ಮೇಲಿನ ಅಂಗಡಿಗೆ ಎಳನೀರು ಕುಡಿಸಲು ಹೊರಟಳು. ಯೋಗರಾಜ್ ಸಂಜೆಯ ಹಡಗಿನ ಟಿಕೆಟ್ ವಿಚಾರಿಸಲು ಆಟೋದವನ ಹತ್ತಿರ ಹೋಗಿದ್ದ. ನಾಲ್ಕು ಹೆಜ್ಜೆ ಹೋದ ರಂಜಿನಿ ತಿರುಗಿ ನಿಂತು ಹೇಳಿದಳು.

“ಮಾವ, ಎರಡಕ್ಕೆಲ್ಲ ಮೇಲೆ ಬಂದ್ಬಿಡಿ. ನೀರು ಏರುತ್ತಂತೆ. ಕವನನ್ನ ಸೇತುವೆ ಆಚೆಗೆ ಬಿಡಬೇಡಿ.”

ಹುಲಿಯಪ್ಪ ಅವಳಿಗೆ ಬೆನ್ನು ಹಾಕಿ ಗುಂಡಿ ನೋಡುತ್ತಿದ್ದ. ಅಲೆಗಳ ಮೊರೆತದಲ್ಲಿ ಕಿವಿ ಚೆನ್ನಾಗಿದ್ದವರಿಗೂ ಅರ್ಧ ಕೇಳುವುದು ಕಷ್ಟ. “ಗೊತ್ತಾಯ್ತಾ ಮಾವ?” ಎಂದು ಅವಳು ಕಿರುಚಿದಾಗ ಮಾಸ್ತಮ್ಮ ಹತ್ತಿರದ ಮೆಟ್ಟಿಲು ನೋಡಿಕೊಂಡು ಕಾಲಿಡುತ್ತಿದ್ದಳು. ಅವಳಾದರೂ ಒಂದು ಸಲ ಹಿಂದಿರುಗಿ ಗಂಡನಿಗೆ ಕೈಸನ್ನೆ ಮಾಡಿದ್ದರೆ! ಹುಲಿಯಪ್ಪ ಯಾಕೋ ತಿರುಗಿದ. ಸೊಸೆಯ ಬಾಯಿ ಆಡಿದ್ದು ಕಂಡಿತು.

“ಹೂಂ ಹೂಂ. ಹೋಗಿ ಬಾರಮ್ಮ” ಎಂದು ನಕ್ಕ.

ಸ್ವಲ್ಪ ಹೊತ್ತಿಗೆ, ದೂರದ ಗುಂಡಿಗಳ ಹತ್ತಿರ ಆಡುತ್ತಿದ್ದ ಕವನ ತಾತನ ಎದುರು ಬಂದು ನಿಂತು, ಬಾಯಿ ಅಗಲಿಸಿ ಕೇಳಿದಳು. “ತಾತಾ, ಅಲ್ಲಿ ದೊಡ್ಡ ಏಡಿ ಇದೆಯಂತೆ, ನೋಡ್ಕೊಂಡು ಬರ್ಲಾ?”

“ಹೋಗು, ಜಾರೀಯೆ” ಎಂದ ತಾತ. ಅವಳು ಸೇತುವೆಯ ಆಚೆಗೆ ಹೋದಳು.

ಎರಡೂ ಹತ್ತಕ್ಕೆ ಗೈಡ್ ವಿಷಲ್ ಊದಿದ. ಮೂರು ಸಲ, ಆಮೇಲೆ ಇನ್ನೂ ಮೂರು ಸಲ. ಜನರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ಮೇಲೆ ನಡೆದರು. ಸೇತುವೆಯ ಆಚೆಯ ಅಲೆಗಳ ಮೊರೆತದಲ್ಲಿ ಆ ವಿಷಲ್ ಕವನಳನ್ನು ಮುಟ್ಟಲಿಲ್ಲ. ಹುಲಿಯಪ್ಪ ಪ್ಯಾಂಟ್ ಮಡಚಿಕೊಂಡು ಬಂಡೆಯ ಮರೆಯಲ್ಲಿ ಕೂತು ಒಂದು ನಕ್ಷತ್ರಮೀನು ಕದಲುವುದನ್ನೇ ಕಾಯುತ್ತಿದ್ದ. ಎಲ್ಲರಿಗೂ ಕೇಳುವ ಕುಕ್ಕರಿನ ವಿಷಲೇ ಕೇಳದವನಿಗೆ ಇದು ಕೇಳೀತೇ?

ನೀರು ಪಾದ ಮುಟ್ಟಿದಾಗ ಅವನು ತಲೆ ಎತ್ತಿದ. ಬಂಡೆಗಳ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಸೇತುವೆಯ ಆಚೆ, ಒಂದು ಕರಿ ಬಂಡೆಯ ಮೇಲೆ ಹಳದಿ ಫ್ರಾಕಿನ ಕವನ ನಿಂತಿದ್ದಾಳೆ. ಅವಳು ನಡೆದು ಹೋದ ದಾರಿ ಇಲ್ಲ. ಅಲ್ಲೆಲ್ಲ ನೀರು.

ಹುಲಿಯಪ್ಪ ಎದ್ದು ಓಡಿದ. ನೀರಿಗೆ ಹಾರಲು ಹೋಗಿ ನಿಂತ. ಈಜು ಬಾರದು. ಇಬ್ಬರೂ ಮುಳುಗಿದರೆ ನೋಡುವವರಾರು? ಕಾಲು ತರಚಿಸಿಕೊಂಡು ದಂಡೆಯ ಎತ್ತರದ ಬಂಡೆಗೆ ಹತ್ತಿದ. ಅಷ್ಟರಲ್ಲಿ ಮೇಲಿನಿಂದ ರಂಜಿನಿ ಎಳನೀರು ಎಸೆದು ಓಡಿ ಬಂದಳು, ಹಿಂದೆಯೇ ಯೋಗರಾಜ್, ಗೈಡ್, ಕಂಡವರು, ಕಾಣದವರು. ಎಲ್ಲರೂ ಕೂಗುವವರೇ, ಎಲ್ಲರೂ ಕೈ ಬೀಸುವವರೇ.

“ಕವನಾ! ಬಾ! ಬಾರೇ!”

ಒಂದು ಮಾತೂ ಅವಳನ್ನು ಮುಟ್ಟಲಿಲ್ಲ. ಕೈಗಳು ಮಾತ್ರ ಕಂಡವು. ಅಮ್ಮ ಬಾ ಎನ್ನುತ್ತಿದ್ದಾಳೆ, ಅಪ್ಪ ಬಾ ಎನ್ನುತ್ತಿದ್ದಾನೆ. ಅವಳು ನೇರ ಅಮ್ಮನ ಕಡೆಗೆ ಬಂಡೆಯಿಂದ ಒಂದು ಕಾಲು ಇಳಿಸಿದಳು.

ಎತ್ತರದಲ್ಲಿದ್ದ ಹುಲಿಯಪ್ಪನಿಗೆ ಕಾಣುತ್ತಿತ್ತು. ಅವಳ ಮುಂದಿನ ನೀರು ಕಡುಗಪ್ಪು, ಆಳ. ಅವನ ಎಡಗಡೆಗೆ ಮಾತ್ರ ಬೆಳ್ಳಗೆ ಒಂದು ಪಟ್ಟಿ, ಅಡಿಯಲ್ಲಿ ಬಂಡೆಯಿದೆ. ಅಲ್ಲಿ ನಿಂತ ಅವಳಿಗೆ ಅದು ಕಾಣದು.

“ಎಲ್ರೂ ಕೈ ಇಳ್ಸಿ!” ಅವನು ಗರ್ಜಿಸಿದ. ಸೊಸೆಯ ಮೈ ಮುಟ್ಟದ ಮಾವ ಅವಳ ರಟ್ಟೆ ಹಿಡಿದು ಕೆಳಗೆಳೆದ. “ಒಬ್ಬನೇ ಸಿಗ್ನಲ್! ಯಾರೂ ಕೈ ಎತ್ತಬೇಡಿ!”

“ಅಪ್ಪಾ, ಏನ್ ಮಾಡ್ತಿದೀಯ?” ಯೋಗರಾಜ್ ಅರಚಿದ. ಅಪ್ಪನಿಗೆ ಅದೂ ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು.

ಹುಲಿಯಪ್ಪ ತೋಳು ನೇರ ಚಾಚಿದ. ಅಂಗೈ ಕೆಳಗೆ. ಅತ್ತಿತ್ತ ಬೀಸಿದ.

ದೂರದಲ್ಲಿ ಹಳದಿ ಫ್ರಾಕ್ ನಿಂತಿತು. ಇಳಿಸಿದ ಕಾಲು ಮೇಲೆ ಹೋಯಿತು.

ಆಮೇಲೆ ಎಡಕ್ಕೆ ತೋರಿಸಿದ. ಮುಂದೆ ಇನ್ನೊಂದು ಕೈ ಅಡ್ಡ ಹಿಡಿದ. ಮೆಲ್ಲಗೆ. ಅವಳು ಬಂಡೆಯ ಆ ಬದಿಗೆ ಸರಿದಳು. ಬೆರಳು ಕೆಳಗೆ ಸುತ್ತಿಸಿದ. ಇಳಿ. ಅವಳು ನೀರಿಗಿಳಿದಳು. ಸೊಂಟದವರೆಗೆ ಬಂತು, ಅಲ್ಲಿಗೆ ನಿಂತಿತು. ರಂಜಿನಿ ಸೆರಗು ಬಾಯಿಗೆ ತುರುಕಿಕೊಂಡಳು. ದೊಡ್ಡ ಅಲೆ ಬರುವುದು ಕಂಡಾಗಲೆಲ್ಲ ಸ್ಟಾಪ್, ಅಲೆ ಹೋದ ಮೇಲೆ ಮೆಲ್ಲಗೆ. ಎರಡು ಹೆಜ್ಜೆ, ಸ್ಟಾಪ್. ಮೂರು ಹೆಜ್ಜೆ, ಸ್ಟಾಪ್. ಅಷ್ಟರಲ್ಲಿ ಗೈಡ್ ಅವನ ಕೈ ಹೋದ ದಿಕ್ಕು ನೋಡಿ ಬೆಳ್ಳನೆಯ ಪಟ್ಟಿಯನ್ನು ಗುರುತಿಸಿ, ಹಗ್ಗ ಸುತ್ತಿಕೊಂಡು ಈ ಕಡೆಯಿಂದ ನೀರಿಗಿಳಿದಿದ್ದ. ನಡುನೀರಿನಲ್ಲಿ ಅವಳ ಕೈ ಸಿಕ್ಕಿತು.

ಅವಳು ದಂಡೆಗೆ ಬಂದ ಮೇಲೂ ಹುಲಿಯಪ್ಪನ ತೋಳು ಚಾಚಿಯೇ ಇತ್ತು. ಮಾಸ್ತಮ್ಮ ಬಂದು ಅದನ್ನು ಇಳಿಸಿದಳು.

ರಂಜಿನಿ ಮಗಳ ಬೆನ್ನಿಗೆ ಎರಡು ಬಾರಿಸಿ, ಆಮೇಲೆ ಅವುಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಮಾವನ ಕಡೆ ತಿರುಗಿದಳು. ದನಿ ಎತ್ತರಿಸಲಿಲ್ಲ.

“ಹೂಂ ಅಂದ್ರಲ್ಲ ಮಾವ.”

ತುಟಿಯಲ್ಲೇ ಅವನಿಗೆ ಗೊತ್ತಾಯಿತು. ಆ ಮಾತು ಅವನು ಎಷ್ಟು ಸಲ ನೋಡಿಲ್ಲ? “ಮರ್ತೋಯ್ತು ಕಣಮ್ಮ” ಎಂದ. ಮಾಸ್ತಮ್ಮ ಮರಳು ನೋಡಿದಳು. ಒದ್ದೆ ಮೈಯ ಕವನ ತಾತನನ್ನೇ ನೋಡುತ್ತಿದ್ದಳು.

ಊರಿಗೆ ಬಂದ ಮೇಲೆ ಯೋಗರಾಜನಿಗೆ ಇದೇ ಕಥೆ. ಅಂಚೆ ಕಚೇರಿಯಲ್ಲಿ ಹೇಳಿದ, ಹಾಲಿನವನಿಗೆ ಹೇಳಿದ. ನಮ್ಮಪ್ಪ ಇಲ್ದಿದ್ರೆ ಮಗಳು ಸಿಗ್ತಿರಲಿಲ್ಲ ಎಂದು ಕಣ್ಣೊರೆಸಿಕೊಂಡ. ರಂಜಿನಿ ಮಾತ್ರ ಮಾವನಿಗೆ ತಟ್ಟೆ ಇಟ್ಟು, ಏನೂ ಹೇಳದೆ ಒಳಗೆ ಹೋಗುತ್ತಿದ್ದಳು. ಬೈಗುಳವೇ ವಾಸಿಯಿತ್ತು.

ರಜೆಯ ಕೊನೆಯಲ್ಲಿ ಭದ್ರಾವತಿಯಲ್ಲಿದ್ದ ಹುಲಿಯಪ್ಪನ ಮಗಳು ಪುಷ್ಪಾ ಎಲ್ಲರನ್ನೂ ಊಟಕ್ಕೆ ಕರೆದಿದ್ದಳು. ಸುದ್ದಿ ಕೇಳಿ ಹಳೆಯ ಕ್ರೇನ್ ಡ್ರೈವರ್ ವೀರಪ್ಪನೂ ಬಂದ. ಹೋಳಿಗೆ ಮುರಿಯುತ್ತಾ ಕಥೆಯೆಲ್ಲ ಕೇಳಿ ಗಹಗಹಿಸಿ ನಕ್ಕ.

“ನನಗೆ ಮೂವತ್ತು ವರ್ಷ ಸಿಗ್ನಲ್ ಕೊಟ್ಟೋನು ಕಣ್ರೋ, ಹುಡುಗೀನ ಬಿಟ್ಟಾನಾ? ನಮ್ಮಿಬ್ರಿಗೂ ಕೈಯೇ ಕಿವಿ. ನೋಡಿ, ನಾನು ಮೆಷಿನ್ ಹಾಕಿಸ್ಕೊಂಡೆ” ಎಂದು ಕಿವಿಯ ಹಿಂದಿನ ಯಂತ್ರ ತೋರಿಸಿದ. “ಇವನಿಗೂ ಐದು ವರ್ಷದಿಂದ ಬಡ್ಕೊತಿದೀನಿ. ನನಗಿಂತ ಕಿವುಡ, ಆದ್ರೂ ಮರ್ಯಾದೆ ಅಡ್ಡ.”

ಬಡಿಸುತ್ತಿದ್ದ ರಂಜಿನಿಯ ಕೈಯ ಸೌಟು ನಿಂತಿತು. ಅವಳು ಅತ್ತೆಯ ಮುಖ ನೋಡಿದಳು. ಆಮೇಲೆ ಮಗಳ ಮುಖ.

ರಾಗಿಗುಡ್ಡಕ್ಕೆ ಮರಳಿದ ಸಂಜೆ ಅವಳು ಮಾವನ ಎದುರು ಮಣೆ ಹಾಕಿಕೊಂಡು ಕೂತಳು. ನಿಧಾನವಾಗಿ, ತುಟಿ ಕಾಣುವಂತೆ ಕೇಳಿದಳು.

“ಕಿವಿ ಕೇಳಲ್ವಾ ಮಾವ?”

“ಕೇಳುತ್ತೆ.”

“ಇನ್ನೂ ಸುಳ್ಳಾ? ನೀವು ಬೇಕಂತಲೇ ಮಾಡ್ತೀರಿ ಅಂತ ಇಷ್ಟು ವರ್ಷ ನಿಮ್ಮನ್ನ ಬೈದಿದೀನಿ. ಹೇಳಿದ್ರೆ ಬೈತಿದ್ನಾ?”

“ಬೈದ್ರೇನಮ್ಮ, ಅದೂ ಕೇಳ್ತಿರ್ಲಿಲ್ಲ” ಎಂದ ಹುಲಿಯಪ್ಪ.

ಯಾರೂ ನಗಲಿಲ್ಲ. ರಂಜಿನಿಯ ಕಣ್ಣು ತುಂಬಿತು. “ಅವಳು ಹೋಗ್ಬಿಟ್ಟಿದ್ರೆ?” ಎಂದಳು.

ಆ ಕರಿನೀರು ಅವನಿಗೂ ದಿನಾ ಕಣ್ಣ ಮುಂದೆ ಬರುತ್ತಿತ್ತು.

“ಇನ್ನು ಗಾಡಿ ಬೇಡ ಅಪ್ಪ” ಎಂದ ಯೋಗರಾಜ್ ತಲೆ ತಗ್ಗಿಸಿ. ಆಮೇಲೆ ನೆನಪಾಗಿ ಮುಖ ಎತ್ತಿ ಇನ್ನೊಂದು ಸಲ ಹೇಳಿದ. “ಸ್ಕೂಲ್ ವ್ಯಾನಿಗೆ ಹೇಳ್ತೀನಿ. ಕಿವಿ ಡಾಕ್ಟರಿಗೂ ತೋರ್ಸೋಣ.”

“ಡಾಕ್ಟ್ರೂ ಬೇಡ, ವ್ಯಾನೂ ಬೇಡ. ಮೂವತ್ನಾಲ್ಕು ವರ್ಷದಲ್ಲಿ ನನ್ನ ಕೈಕೆಳಗೆ ಒಬ್ಬನ ಉಗುರೂ ಜಜ್ಜಿಲ್ಲ. ಸೋಮವಾರ ಸ್ಕೂಲಿಗೆ ನಾನೇ ಬಿಡ್ತೀನಿ. ಯಾರು ತಡೀತೀರೋ ತಡೀರಿ.” ಕೀ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಮಾಸ್ತಮ್ಮ ಕೈ ತೋರಿಸಿದರೂ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಎಂದಿಗಿಂತ ಮುಂಚೆಯೇ ಗಾಡಿ ಒರೆಸಿ ಗೇಟಿನ ಹೊರಗೆ ನಿಲ್ಲಿಸಿದ, ಸ್ಟಾರ್ಟ್ ಮಾಡಿದ. ಯೋಗರಾಜ್ ಒಂದು ಕಾಲಿಗೆ ಶೂ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಪ್ಪನ ಕೈಯಿಂದ ಕೀ ಕಿತ್ತುಕೊಳ್ಳುವ ಎದೆ ಅವನಿಗಿಲ್ಲ. ರಂಜಿನಿ ಮೆಟ್ಟಿಲ ಮೇಲೆ ಟಿಫಿನ್ ಬಾಕ್ಸ್ ಹಿಡಿದು ನಿಂತಿದ್ದಳು.

ಕವನ ಬ್ಯಾಗ್ ಹಾಕಿಕೊಂಡು ಹೊರಗೆ ಬಂದಳು. ತಾತ ಹಿಂದಿನ ಸೀಟು ತಟ್ಟಿ, ಹತ್ತು ಎಂದ.

ಅವಳು ಹತ್ತಲಿಲ್ಲ. ಗಾಡಿಯ ಮುಂದೆ ನಾಲ್ಕು ಹೆಜ್ಜೆ ಹೋಗಿ, ತಿರುಗಿ ನಿಂತಳು. ಬಲತೋಳು ನೇರ ಚಾಚಿದಳು. ಅಂಗೈ ಕೆಳಗೆ. ಅತ್ತಿತ್ತ ಬೀಸಿದಳು.

ಆಟ ಎಂದುಕೊಂಡು ತಾತ ನಕ್ಕ. “ಲೇಟಾಗುತ್ತೆ, ಬಾರೆ.”

ಅವಳು ಮತ್ತೆ ಬೀಸಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಕೈ ಮಾತ್ರ ನಡುಗಲಿಲ್ಲ. ಸಿಗ್ನಲ್ ಕೊಡುವವನ ಕೈ ನಡುಗಬಾರದು ಎಂದು ಹೇಳಿಕೊಟ್ಟವನು ಅವನೇ. ಕಸ ಗುಡಿಸುವವನು ಕೊಟ್ಟರೂ ನಿಲ್ಲಿಸಬೇಕು ಎಂದು ಹೇಳಿಕೊಟ್ಟವನೂ ಅವನೇ.

ಹ್ಯಾಂಡಲ್ ತುಸು ಬಲಕ್ಕೆ ತಿರುಗಿಸಿದ್ದರೆ ಗಾಡಿ ಅವಳನ್ನು ಬಳಸಿ ಹೋಗುತ್ತಿತ್ತು. ಹುಲಿಯಪ್ಪ ತಿರುಗಿಸಲಿಲ್ಲ. ಮೂವತ್ನಾಲ್ಕು ವರ್ಷದಲ್ಲಿ ಅವನು ಒಂದೇ ಒಂದು ಸ್ಟಾಪ್ ಮೀರಿದವನಲ್ಲ. ಕೀ ತಿರುಗಿಸಿದ. ಇಂಜಿನ್ ನಿಂತದ್ದು ಅವನಿಗೆ ಅಂಗೈಯ ನಡುಕ ನಿಂತಾಗ ಗೊತ್ತಾಯಿತು.

ಅವನು ಗಾಡಿಯಿಂದಿಳಿದು, ಸ್ಟ್ಯಾಂಡ್ ಹಾಕಿ, ಮೆಟ್ಟಿಲ ಹತ್ತಿರ ಬಂದು ಕೀಯನ್ನು ರಂಜಿನಿಯ ಮುಂದೆ ಹಿಡಿದ. ಅವಳು ತೆಗೆದುಕೊಂಡಳು. ಟಿಫಿನ್ ಬಾಕ್ಸನ್ನು ಅವನ ಕೈಗಿಟ್ಟು, ತಲೆ ತಗ್ಗಿಸಿಕೊಂಡೇ ಏನೋ ಹೇಳಿದಳು.

ಹುಲಿಯಪ್ಪನ ಬಾಯಿ ಅಭ್ಯಾಸದಂತೆ ‘ಹೂಂ’ ಎನ್ನಲು ತೆರೆಯಿತು. ಹಾಗೇ ನಿಂತಿತು. ಅವನು ಒಂದು ಮೆಟ್ಟಿಲು ಹತ್ತಿರ ಬಂದ.

“ಏನಂದೆಯಮ್ಮ? ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು.”